ಮಂಗಳೂರು ಹಂಚಿನ ಜಾರ್ಜ್ ಪ್ಲೆಬ್ಸ್ಟ್

ಮಠವಾಗಲಿ ಅಂಗಡಿಯಾಗಲಿ ಕಾರ್ಖಾನೆಯಾಗಲಿ, ಅದು ಬೆಳೆಯುವುದು ಮೂಲಧನವೊಂದರಿಂದಲೇ ಅಲ್ಲ. ಅದರ ಮುಂದಾಳನ್ನು ಆರಿಸಿದವರ ವಿವೇಕದಿಂದ. ಯೋಗ್ಯನನ್ನು ಯೋಗ್ಯಸ್ಥಾನದಲ್ಲಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಸಂಸ್ಥೆಗಳನ್ನು ನಡೆಯಿಸುವ ಭಕ್ತಮಹಾಶಯರು ಬಲ್ಲರು. ಈ ವಿಷಯದಲ್ಲಿ ಮಂಗಳೂರು ನಗರದ ಜಾರ್ಜ್ ಪ್ಲೆಬ್ಸ್ಟನ ಚರಿತ್ರೆಯು ಮನನಯೋಗ್ಯವಾದುದು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ತಮ್ಮ ಮತವನ್ನು ಸೇರಿ ಕುಲದ ಕಸುಬನ್ನೂ ಬಂಧುಗಳ ಆಶ್ರಯವನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಒದಗಿಸುವ ಭಾರವು ಅವರ ಮೇಲೆ ಬಿದ್ದಿತು. ಗಡಿಯಾರದ ಕೆಲಸ, ನೇಯ್ಗೆ ಮುಂತಾದುವನ್ನು ಪ್ರಯತ್ನಿಸಿದರು. ಮೊದಮೊದಲು ಅವು ನೆಲೆನಿಲ್ಲಲಿಲ್ಲ. ಉಪದೇಶದಲ್ಲಿ ನಿಪುಣನಾದವನು ಉದ್ಯಮದಲ್ಲಿಯೂ ನಿಪುಣನಾಗಬೇಕೆಂಬ ನಿಯಮವುಂಟೆ? ಆಗ ಅವರು ಕಸುಬನ್ನು ಬಲ್ಲವರನ್ನೇ ಹುಡುಕಿ ಕರೆಯಿಸಿದರು. 1851ರಲ್ಲಿ ನೇಯ್ಗೆಯ ಮುಖ್ಯಸ್ಥನಾಗಿ ಬಂದ ಹಾಲರನು ನೇಕಾರನೇ ಆಗಿದ್ದನು. ಅವನ ಕಾಲದಲ್ಲಿ ಖಾಕಿ ಬಟ್ಟೆಯು ಮಂಗಳೂರಿಗೆ ಹೆಸರನ್ನು ತಂದಿತು. ಅದೇ ವರ್ಷ ಮುದ್ರಣಾಲಯಕ್ಕೆ ಬಂದವನೇ ಯಂತ್ರಕುಶಲನಾದ ಪ್ಲೆಬ್ಸ್ಟನು.

ಅಲ್ಲಿಯವರೆಗೆ ಮಂಗಳೂರಿನಲ್ಲಿದ್ದುದು ಕಲ್ಲಚ್ಚು. ನಮ್ಮ ಬಸವಪುರಾಣವೂ 1850ರ ಸುಮಾರಿಗೆ ಅದರಲ್ಲಿಯೇ ಮುದ್ರಿತವಾದುದನ್ನು ಶರಣಬಂಧುಗಳು ಸ್ಮರಿಸತಕ್ಕುದು. ಪ್ಲೆಬ್ಸ್ಟನು ಅಚ್ಚಿನ ಮೊಳೆಗಳ ಮುದ್ರಣವನ್ನು ಊರ್ಜಿತಕ್ಕೆ ತಂದನು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಹೊರಟುದು ಇದೇ ಮುದ್ರಣಾಲಯದಿಂದ.

ಆದರೆ ಅವನ ದೃಷ್ಟಿ ಮುದ್ರಣದಲ್ಲಿಯೇ ನಿಲ್ಲಲಿಲ್ಲ. ನೇತ್ರಾವತೀ ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಕೆಲವೇ ಆಳುಗಳೂ ಮಣ್ಣನ್ನು ಹದಮಾಡುವ ಎತ್ತುಗಳೂ ಆರಂಭದ ಬಲವಾಗಿದ್ದುವು. ಒಂದರೊಳಗೊಂದು ಕೂಡಿಕೊಳ್ಳುವ ಆ ಕೆಂಪು ಹಂಚು ಕರಾವಳಿಯ ಘೋರವೃಷ್ಟಿಯನ್ನು ತಡೆಯಿತು. 1873ರಲ್ಲಿ ಕಲ್ಲಿಕೋಟೆಯಲ್ಲಿಯೂ 1882ರಲ್ಲಿ ಕುದ್ರೋಳಿಯಲ್ಲಿಯೂ 1886ರಲ್ಲಿ ಮಲ್ಪೆಯಲ್ಲಿಯೂ ಮಿಶನ್ನಿನ ಕಾರ್ಖಾನೆಗಳು ಎದ್ದುವು. ಅಷ್ಟರಲ್ಲಿಯೇ ಮಂಗಳೂರಿನ ದೇಶೀಯರೂ ಈ ವಿದ್ಯೆಯನ್ನು ಕೈಗೊಂಡು ಸ್ವಂತ ಕಾರ್ಖಾನೆಗಳನ್ನು ಕಟ್ಟಿದ್ದರು.

ಗುಣವನ್ನು ಹೇಳಿದಂತೆಯೇ ಕೊರತೆಯನ್ನೂ ಹೇಳುವುದು ನ್ಯಾಯವು. ಮಣ್ಣನ್ನು ತುಳಿದವರೂ ಆವಿಗೆಯನ್ನು ಉರಿಸಿದವರೂ ನಮ್ಮವರಾದರೂ, ಮಿಶನ್ನಿನ ಕಾರ್ಖಾನೆಗಳ ಮೇಲಾಳಿಕೆಯು ಯೂರೋಪಿಯನರಲ್ಲಿಯೇ ಉಳಿಯಿತು. 1914ರಲ್ಲಿ ಮಹಾಯುದ್ಧವು ಹುಟ್ಟಲು ಜರ್ಮನರು ಸೆರೆಯಾದರು. ಯುದ್ಧಾನಂತರ ಆ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದುವು. ಕಸುಬನ್ನು ಕಲಿಸಿದವರು ಅಧಿಕಾರವನ್ನು ಕಲಿಸಿರಲಿಲ್ಲ.

ಆದಕಾರಣ, ಪ್ರಿಯ ಶಿಷ್ಯರೇ, ಮುಖ್ಯಸ್ಥನನ್ನು ಆರಿಸುವಾಗ ಎರಡನ್ನು ವಿಚಾರಿಸಿರಿ. ವಹಿಸತಕ್ಕ ಕಾಯಕವನ್ನು ಅವನು ತನ್ನ ಕೈಯಿಂದ ಬಲ್ಲನೆ? ತನ್ನ ತರುವಾಯ ನಿಲ್ಲತಕ್ಕವನನ್ನು ಕೆಳಗಿನವರಲ್ಲಿ ಕಂಡು ಬೆಳೆಯಿಸಬಲ್ಲನೆ? ಮೊದಲನೆಯದು ಮಿಶನ್ನಿಗೆ ದೊರೆಯಿತು, ಸಂಸ್ಥೆಯು ಬೆಳೆಯಿತು. ಎರಡನೆಯದು ದೊರೆಯಲಿಲ್ಲ, ಸಂಸ್ಥೆಯು ಕೈತಪ್ಪಿತು. ಪ್ಲೆಬ್ಸ್ಟನ ಹೆಸರನ್ನು ಅರಿಯದ ಮನೆಗಳ ಮೇಲೆಯೂ ಅವನ ಹಂಚು ಮಳೆಯನ್ನು ತಡೆಯುತ್ತಿದೆ. ಅವನ ಕೌಶಲವನ್ನು ಗ್ರಹಿಸೋಣ. ಅವರು ಮರೆತುದನ್ನು ನಾವು ಮರೆಯದಿರೋಣ.