ಗಂಡು ಹೆಸರಿನ ಹುಡುಗಿ

ನನ್ನ ಹೆಸರು ಕಿರಣ್. ಬಿಇ ಓದುತ್ತಿರುವ ಹುಡುಗಿ. ಹಾಸ್ಟೆಲ್ ಪಟ್ಟಿಯಲ್ಲಿ ನನ್ನನ್ನು ಹುಡುಗರ ಸಾಲಿಗೆ ಸೇರಿಸಿದ್ದಾಗ ಅತ್ತೇಬಿಟ್ಟಿದ್ದೆ. ಆ ಬೇಸರ ಕಳೆದದ್ದು ಶಾರ್ಲೆಟ್ ಬ್ರಾಂಟೆಯವರ ಬದುಕನ್ನು ಓದಿದ ಮೇಲೆ.

1816ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಪಾದ್ರಿಯ ಮಗಳಾಗಿ ಹುಟ್ಟಿದ ಅವರು ಐದನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ಪಾಠ ಹೇಳಿ ದುಡಿದರು. ಹೆಣ್ಣು ಬರೆದದ್ದೆಂದರೆ ಮೂಗು ಮುರಿಯುವ ಕಾಲವದು. 1846ರಲ್ಲಿ ತಂಗಿಯರಾದ ಎಮಿಲಿ, ಆನ್ ಜೊತೆ ಕವನಗಳನ್ನು ಪ್ರಕಟಿಸುವಾಗ ಗಂಡೋ ಹೆಣ್ಣೋ ತಿಳಿಯದ ಹೆಸರಿಟ್ಟುಕೊಂಡರು: ಕರರ್ ಬೆಲ್. ಅದೇ ಹೆಸರಲ್ಲಿ ಬಂದ ‘ಜೇನ್ ಐರ್’ 1847ರಲ್ಲಿ ಗೆದ್ದಿತು.

ಮುಂದಿನ ಕಾದಂಬರಿ ಬರೆಯುತ್ತಿದ್ದಾಗ ಎಂಟೇ ತಿಂಗಳಲ್ಲಿ ತಮ್ಮ, ಇಬ್ಬರು ತಂಗಿಯರು ತೀರಿಕೊಂಡರು. ಆದರೂ ಬರೆದು ಮುಗಿಸಿದರು. 1849ರಲ್ಲಿ ‘ಶಿರ್ಲಿ’ ಹೊರಬಂತು. ಶಿರ್ಲಿ ಮೂಲತಃ ಊರಿನ, ಮನೆತನದ ಹೆಸರು, ಗಂಡಸರಿಗೆ ಇಡುತ್ತಿದ್ದುದು. ಕಥೆಯಲ್ಲಿ ಗಂಡುಮಗು ಬಯಸಿದ್ದ ಹೆತ್ತವರು ಮಗಳಿಗೇ ಅದನ್ನಿಡುತ್ತಾರೆ. ಅವಳು ಆಸ್ತಿಯ ಒಡತಿ, ದಿಟ್ಟೆ. ಆಮೇಲೆ ಆ ಹೆಸರು ಹೆಣ್ಣುಮಕ್ಕಳದ್ದೇ ಆಯಿತು. 1930ರ ದಶಕದಲ್ಲಿ ಬಾಲನಟಿ ಶಿರ್ಲಿ ಟೆಂಪಲ್ ಅವರಿಂದ ಅಮೆರಿಕದಲ್ಲಿ ಮನೆಮಾತಾಗಿ, ಕ್ರಮೇಣ ಹಿಂದೆ ಸರಿಯಿತು. 1855ರಲ್ಲೇ, 38ರ ಹರೆಯದಲ್ಲಿ ತೀರಿಕೊಂಡಿದ್ದ ಶಾರ್ಲೆಟ್ ಇದನ್ನೆಲ್ಲ ನೋಡಲಿಲ್ಲ.

ಮೊನ್ನೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ‘ಮಿಸ್ಟರ್ ಕಿರಣ್’ ಎಂದು ಕೂಗಿದರು. ನಗುತ್ತಲೇ ಎದ್ದು ಒಳಗೆ ಹೋದೆ.