ಡಾ. ಎರಿಕ್ ವಿಲಿಯಮ್ಸ್: ಸರಕಾರಿ ಶಾಲೆಯ ಹುಡುಗನೂ ಚರ್ಚ್ ಶಾಲೆಗಳೂ

ನಾವು ಕ್ರಿಕೆಟ್‌ನಿಂದಷ್ಟೇ ಬಲ್ಲ ಟ್ರಿನಿಡಾಡ್ ದೇಶದ ಮೊದಲ ಪ್ರಧಾನಮಂತ್ರಿ ಡಾ. ಎರಿಕ್ ವಿಲಿಯಮ್ಸ್ 1911ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಜನಿಸಿದರು. ತಂದೆ ಅಂಚೆ ಇಲಾಖೆಯ ನೌಕರ; ಹನ್ನೆರಡು ಮಕ್ಕಳಲ್ಲಿ ಇವರೇ ಹಿರಿಯರು. ವಿದ್ಯಾರ್ಥಿವೇತನ ದೊರೆತುದರಿಂದ 1922ರಲ್ಲಿ ಕ್ವೀನ್ಸ್ ರಾಯಲ್ ಕಾಲೇಜು ಸೇರಿದರು. ಹೆಸರು ಕಾಲೇಜು, ನಿಜದಲ್ಲಿ ಗಂಡುಮಕ್ಕಳ ಪ್ರೌಢಶಾಲೆ. 1859ರಲ್ಲಿ ಸರಕಾರ ಆರಂಭಿಸಿದ ಈ ಶಾಲೆಯಲ್ಲಿ ಧರ್ಮಬೋಧನೆಗೆ ಎಡೆಯಿರಲಿಲ್ಲ. ಅದಕ್ಕೆ ಪ್ರತಿಯಾಗಿಯೋ ಎಂಬಂತೆ 1863ರಲ್ಲಿ ಪವಿತ್ರಾತ್ಮರ ಸಭೆಯ ಗುರುಗಳು ಅದೇ ನಗರದಲ್ಲಿ ಸಂತ ಮೇರಿ ಕಾಲೇಜು ತೆರೆದರು.

ವಿಲಿಯಮ್ಸ್ ಓದಿದ್ದು 1904ರಲ್ಲಿ ಉದ್ಘಾಟನೆಗೊಂಡ ಕಟ್ಟಡದಲ್ಲಿ. ಡೇನಿಯಲ್ ಹಾನ್ ಅವರ ಜರ್ಮನ್ ಶೈಲಿಯ ವಿನ್ಯಾಸ, ಕೆಂಪು ಗೋಡೆ, ನೀಲಿ ಸುಣ್ಣಕಲ್ಲು, ಮಧ್ಯೆ ಎತ್ತರದ ಗಡಿಯಾರ ಗೋಪುರ. ಎದುರಿಗೆ ವಿಶಾಲ ಮೈದಾನ. ಶಾಲಾ ದಿನಗಳಲ್ಲಿ ಫುಟ್‌ಬಾಲ್ ಆಡುವಾಗ ಆದ ಪೆಟ್ಟಿನಿಂದ ಅವರ ಕಿವಿ ಮಂದವಾಯಿತು. ಮುಂದೆ ಆಕ್ಸ್‌ಫರ್ಡ್, 1938ರಲ್ಲಿ ಡಾಕ್ಟರೇಟ್, ಗುಲಾಮಗಿರಿಯ ಕುರಿತು 1944ರ ಪ್ರಸಿದ್ಧ ಗ್ರಂಥ.

1956ರಲ್ಲಿ ಅಧಿಕಾರಕ್ಕೆ ಬಂದಾಗ, ಶಾಲೆಗಳು ಕೈತಪ್ಪುವವೆಂದು ಕಥೋಲಿಕ ಧರ್ಮಸಭೆ ಅಂಜಿತು. ಜಗಳವೂ ಆಯಿತು. ಕೊನೆಗೆ 1960ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು: ಚರ್ಚ್ ಪ್ರೌಢಶಾಲೆಗಳ ಶೇ. 80 ಸೀಟುಗಳು ಸರಕಾರಿ ಪರೀಕ್ಷೆಯ ಫಲಿತಾಂಶದಂತೆ, ಶೇ. 20 ಮುಖ್ಯೋಪಾಧ್ಯಾಯರ ಆಯ್ಕೆಗೆ. ಒಡೆತನ, ಧರ್ಮಬೋಧನೆ ಚರ್ಚಿನಲ್ಲೇ ಉಳಿದವು. ಎರಡು ಕಡೆಯವರೂ ಬಿಟ್ಟುಕೊಟ್ಟರೆಂದೇ ನಮಗನಿಸುತ್ತದೆ. ವಿಲಿಯಮ್ಸ್ 1981ರಲ್ಲಿ, ಪ್ರಧಾನಿಯಾಗಿದ್ದಾಗಲೇ ತೀರಿಕೊಂಡರು. ಆ ಶೇ. 20ರ ಬಗ್ಗೆ ಅಲ್ಲಿ ವಾದ ಇನ್ನೂ ನಿಂತಿಲ್ಲ.