ಹಸುವಿನ ಜ್ವರಕ್ಕೆ ಇವರದೇ ಹೆಸರು: ಒಂಟಿಗೈ ಪಶುವೈದ್ಯ ಆರ್ನಾಲ್ಡ್ ಥೈಲರ್

ಸೀಮೆಹಸು ಸಾಕಿದವರಿಗೆ ಥೈಲೇರಿಯಾ ಅನ್ನೋ ಹೆಸರು ಹೊಸದೇನಲ್ಲ. ಸುಡುವ ಜ್ವರ, ಊದಿಕೊಂಡ ಗಡ್ಡೆ, ಮೇವು ಬಿಟ್ಟ ಹಸು. ಡೇರಿಗೆ ಹಾಕೋ ಹಾಲು ಎರಡೇ ದಿನದಲ್ಲಿ ಇಳಿದುಹೋಗುತ್ತೆ. ಉಣ್ಣೆಯಿಂದ ಹರಡುವ ಈ ಕಾಯಿಲೆಯ ಹೆಸರಿನ ಹಿಂದೆ ಒಬ್ಬ ಪಶುವೈದ್ಯರ ಬದುಕಿದೆ.

ಆರ್ನಾಲ್ಡ್ ಥೈಲರ್ ಹುಟ್ಟಿದ್ದು 1867ರಲ್ಲಿ, ಸ್ವಿಟ್ಜರ್ಲೆಂಡಿನ ಫ್ರಿಕ್ ಊರಲ್ಲಿ. ಪಶುವೈದ್ಯಕೀಯ ಓದಿ 1891ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಸ್ವಲ್ಪ ದಿನದಲ್ಲೇ ಫಾರ್ಮಿನ ಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡರು. ದನ ಹಿಡಿದು ಚಿಕಿತ್ಸೆ ಕೊಡೋ ಕೆಲಸದವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದರೂ ಊರಿಗೆ ವಾಪಸ್ ಹೋಗಲಿಲ್ಲ.

1896ರಲ್ಲಿ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಆ ನಾಡಿಗೆ ನುಗ್ಗಿತು. ಲಕ್ಷಾಂತರ ದನ ಸತ್ತವು. ಗಾಡಿ ಎಳೆಯಲು ಎತ್ತಿಲ್ಲದೆ ವ್ಯಾಪಾರವೂ ನಿಂತಿತು. ಥೈಲರ್, ಪಕ್ಕದ ಬ್ರಿಟಿಷ್ ನಟಾಲ್‌ನ ಪಶುವೈದ್ಯ ಹರ್ಬರ್ಟ್ ವಾಟ್ಕಿನ್ಸ್-ಪಿಚ್‌ಫರ್ಡ್ ಜತೆ ಸೇರಿ, ರೋಗ ಬಂದು ಗುಣವಾದ ದನದ ರಕ್ತದಿಂದ ಸೀರಂ ತಯಾರಿಸುವ ಪ್ರಯೋಗ ನಡೆಸಿದರು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಿಂದ ಡಾನಿಶ್ ಮತ್ತು ಬೋರ್ಡೆ ಕೂಡ ಬಂದು ಅದೇ ಕೆಲಸಕ್ಕೆ ಇಳಿದರು.

1899ರಲ್ಲಿ ಬೋಯರ್ ಯುದ್ಧ ಶುರುವಾಯ್ತು. ಥೈಲರ್ ಬೋಯರ್ ಸೇನೆಯ ಪಶುವೈದ್ಯ. ಗೆಳೆಯ ವಾಟ್ಕಿನ್ಸ್-ಪಿಚ್‌ಫರ್ಡ್, ಬೋಯರರು ಮುತ್ತಿಗೆ ಹಾಕಿದ ಲೇಡಿಸ್ಮಿತ್ ಊರೊಳಗೆ. ನಿನ್ನೆ ಜತೆಗೆ ದುಡಿದವರು ಇವತ್ತು ಎದುರಾಳಿಗಳು!

ಯುದ್ಧ ಮುಗಿದ ಮೇಲೆ ಗೆದ್ದ ಬ್ರಿಟಿಷರು ಥೈಲರ್ ಅವರನ್ನೇ ಕೆಲಸದಲ್ಲಿ ಉಳಿಸಿಕೊಂಡರು. ಕಾರಣ ಹೊಸ ಪೀಡೆ: ಪೂರ್ವ ಕರಾವಳಿ ಜ್ವರ. ಸತ್ತ ದನಗಳ ಜಾಗ ತುಂಬಲು ಪೂರ್ವ ಆಫ್ರಿಕಾದಿಂದ ತಂದ ದನಗಳ ಜತೆ ಅದು ಬಂದಿತ್ತು. ಮೊದಲು ಎಲ್ಲರೂ ಹಳೇ ಕೆಂಪುಮೂತ್ರ ರೋಗ ಅಂದುಕೊಂಡರು. ಇದು ಬೇರೆಯದೇ ಸೂಕ್ಷ್ಮಜೀವಿ ಅಂತ ಥೈಲರ್ ತೋರಿಸಿದರು. ಅದನ್ನು ಹರಡೋದು ಉಣ್ಣೆ ಅಂತ ಅಮೆರಿಕ ಮೂಲದ ಕೀಟತಜ್ಞ ಚಾರ್ಲ್ಸ್ ಲೌನ್ಸ್‌ಬರಿ ಕಂಡುಕೊಂಡರು. ದನಗಳನ್ನು ಔಷಧಿ ತೊಟ್ಟಿಯಲ್ಲಿ ಮುಳುಗಿಸಿ ಉಣ್ಣೆ ಕೊಲ್ಲುವ ಪದ್ಧತಿಯನ್ನು ನಟಾಲ್‌ನಲ್ಲಿ ಬೆಳೆಸಿದ್ದು ಅದೇ ಹಳೇ ಗೆಳೆಯ ವಾಟ್ಕಿನ್ಸ್-ಪಿಚ್‌ಫರ್ಡ್. 1907ರಲ್ಲಿ ಪೋರ್ಚುಗೀಸ್ ವಿಜ್ಞಾನಿಗಳು ಈ ಜೀವಿಯ ಕುಲಕ್ಕೆ ಥೈಲೇರಿಯಾ ಅಂತ ಹೆಸರಿಟ್ಟರು. ನಮ್ಮ ಕೊಟ್ಟಿಗೆಗಳಲ್ಲಿ ಕಾಡೋದು ಅದೇ ಕುಲದ ಇನ್ನೊಂದು ಜಾತಿ.

1908ರಲ್ಲಿ ಪ್ರಿಟೋರಿಯಾ ಹತ್ತಿರ ಆಂಡರ್‌ಸ್ಟೆಪೋರ್ಟ್ ಪ್ರಯೋಗಾಲಯ ಶುರುವಾಯ್ತು. ಅದನ್ನು ಕಟ್ಟಿ ಬೆಳೆಸಿದ್ದು ಥೈಲರ್. ಕುರಿಗಾರರನ್ನು ಇವತ್ತಿಗೂ ಕಾಡುವ ನೀಲಿ ನಾಲಿಗೆ ರೋಗಕ್ಕೆ ಆರಂಭದ ಲಸಿಕೆ ತಂದವರೂ ಅವರೇ. ದನ ಮೂಳೆ ಕಡಿಯೋದು ಮೇವಿನಲ್ಲಿ ರಂಜಕ ಕಡಿಮೆಯಾಗಿ, ಆ ಕೊಳೆತ ಮೂಳೆಯ ವಿಷವೇ ಸಾವಿಗೆ ಕಾರಣ ಅನ್ನೋದನ್ನೂ ಅವರ ತಂಡ ಬಿಡಿಸಿ ಹೇಳಿತು.

1936ರಲ್ಲಿ ಥೈಲರ್ ತೀರಿಕೊಂಡರು. ಮಗ ಮ್ಯಾಕ್ಸ್ ಥೈಲರ್‌ಗೆ ಹಳದಿ ಜ್ವರದ ಸಂಶೋಧನೆಗಾಗಿ 1951ರಲ್ಲಿ ನೊಬೆಲ್ ಬಂತು. ದೊಡ್ಡರೋಗ ಭೂಮಿಯಿಂದಲೇ ತೊಲಗಿತು ಅಂತ 2011ರಲ್ಲಿ ಘೋಷಣೆಯಾಯ್ತು. ಥೈಲೇರಿಯಾ ಮಾತ್ರ ಇನ್ನೂ ಹೋಗಿಲ್ಲ. ಹಸುವಿನ ಕಿವಿ, ಕೆಚ್ಚಲು, ಬಾಲದ ಬುಡದಲ್ಲಿ ಉಣ್ಣೆ ಇದೆಯಾ ಅಂತ ನೋಡೋ ಕೆಲಸ ಇವತ್ತಿಗೂ ಸಾಕಿದವರದೇ.